ಗಣಿ ಊರಿನವರ ರಾಕ್: ಮ್ಯಾನಿಕ್ ಸ್ಟ್ರೀಟ್ ಪ್ರೀಚರ್ಸ್ ಕೇಳೋದು ಹೀಗೆ

ಯೂಟ್ಯೂಬಿನಲ್ಲಿ ಬ್ಯಾಂಡಿನ ಹೆಸರು ಹೊಡೆದು, ಮೇಲೆ ಬಂದದ್ದನ್ನು ಒತ್ತಿ, ಅರ್ಧ ನಿಮಿಷ ಕೇಳಿ ಮುಚ್ಚಬೇಡಿ. ನಮ್ಮ ಲೈಬ್ರರಿಗೆ ಪರೀಕ್ಷೆಗೆ ಓದಲು ಬರುವ ಹುಡುಗರು ಮಾಡುವುದು ಇದನ್ನೇ. "ಯಕ್ಕಾ, ಏನ್ ಒದರ್ತಾನ್ರೀ ಇಂವ, ಒಂದಕ್ಷರ ತಿಳಿವಲ್ದು" ಅಂತ ಇಯರ್‌ಫೋನ್ ವಾಪಸ್ ಕೊಡುತ್ತಾರೆ. ತಿಳಿಯೋದಿಲ್ಲ, ನಿಜ. ಇಂಗ್ಲಿಷ್ ಚೆನ್ನಾಗಿ ಬರುವವರಿಗೂ ಮೊದಲ ಸಲ ತಿಳಿಯೋದಿಲ್ಲ. ಈ ಬ್ಯಾಂಡನ್ನು ಕೇಳೋಕೆ ಒಂದು ದಾರಿ ಇದೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಲಿಂಗಸುಗೂರು ತಾಲ್ಲೂಕಿನ ಒಂದು ಗ್ರಾಮ ಪಂಚಾಯ್ತಿ ಲೈಬ್ರರಿ ನೋಡಿಕೊಳ್ಳುತ್ತೇನೆ. ಅಪ್ಪ ಹಟ್ಟಿ ಚಿನ್ನದ ಗಣಿಯಲ್ಲಿ ಅಂಡರ್‌ಗ್ರೌಂಡ್ ಕೆಲಸದಲ್ಲಿದ್ದವರು. ಸೈರನ್ ಕೇಳಿ ಹೊತ್ತು ಎಷ್ಟಾಯಿತು ಅಂತ ಹೇಳುವ ಮನೆ ನಮ್ಮದು. ಹಾಗಾಗಿ ಬ್ರಿಟನ್ನಿನ ಭಾಗವಾದ ವೇಲ್ಸ್ ದೇಶದ ಕಲ್ಲಿದ್ದಲು ಕಣಿವೆಯ ನಾಲ್ಕು ಹುಡುಗರು ಕಟ್ಟಿದ ಬ್ಯಾಂಡ್ ನನಗೆ ದೂರದ್ದು ಅನ್ನಿಸಲೇ ಇಲ್ಲ. ಅವರದು ಕಲ್ಲಿದ್ದಲು, ನಮ್ಮದು ಚಿನ್ನ. ಕೇಜಿನಲ್ಲಿ ಇಳಿಯೋದು, ಪಾಳಿ ಮುಗಿಸಿ ಹತ್ತೋದು, ಎರಡೂ ಕಡೆ ಒಂದೇ.

ಮೊದಲು ಊರು ತಿಳಿದುಕೊಳ್ಳಿ

ಹಾಡಿಗಿಂತ ಮುಂಚೆ ಹತ್ತು ನಿಮಿಷ ಇದಕ್ಕೆ ಕೊಡಿ. ದಕ್ಷಿಣ ವೇಲ್ಸಿನಲ್ಲಿ ಬ್ಲ್ಯಾಕ್‌ವುಡ್ ಅಂತ ಒಂದು ಸಣ್ಣ ಊರು. ಸುತ್ತ ಕಲ್ಲಿದ್ದಲು ಗಣಿಗಳು. ಜೇಮ್ಸ್ ಡೀನ್ ಬ್ರಾಡ್‌ಫೀಲ್ಡ್, ಅವನ ಸೋದರ ಸಂಬಂಧಿ ಶಾನ್ ಮೂರ್, ಗೆಳೆಯರಾದ ನಿಕಿ ವೈರ್ ಮತ್ತು ರಿಚಿ ಎಡ್ವರ್ಡ್ಸ್, ನಾಲ್ವರೂ ಪಕ್ಕದ ಓಕ್‌ಡೇಲ್ ಶಾಲೆಯಲ್ಲಿ ಓದಿದವರು. ಜೇಮ್ಸ್ ಹಾಡುತ್ತಾನೆ, ಗಿಟಾರ್ ನುಡಿಸುತ್ತಾನೆ. ಶಾನ್ ಡ್ರಮ್ಸ್. ನಿಕಿ ಬಾಸ್ ಗಿಟಾರ್. ರಿಚಿಯ ಕೈಯಲ್ಲೂ ಗಿಟಾರ್ ಇರುತ್ತಿತ್ತು, ಆದರೆ ಅವನ ನಿಜವಾದ ಕೆಲಸ ಬರೆಯೋದು. ಬ್ಯಾಂಡ್ ಶುರುವಾಗಿದ್ದು 1986ರಲ್ಲಿ.

ಅದಕ್ಕೆ ಒಂದು ವರ್ಷ ಮುಂಚೆ, 1985ರ ಮಾರ್ಚಿನಲ್ಲಿ, ಬ್ರಿಟನ್ನಿನ ಗಣಿ ಕಾರ್ಮಿಕರ ದೊಡ್ಡ ಮುಷ್ಕರ ಸೋತು ಮುಗಿದಿತ್ತು. 1984ರ ಮಾರ್ಚಿನಿಂದ ಪೂರಾ ಒಂದು ವರ್ಷ ನಡೆದ ಮುಷ್ಕರ. ನಷ್ಟದ ಗಣಿಗಳನ್ನು ಮುಚ್ಚುತ್ತೇವೆ ಅಂತ ಮಾರ್ಗರೆಟ್ ಥ್ಯಾಚರ್ ಸರ್ಕಾರದ ಹಟ, ಮುಚ್ಚಬಾರದು ಅಂತ ಕಾರ್ಮಿಕರ ಹಟ. ದಕ್ಷಿಣ ವೇಲ್ಸಿನವರು ಕೊನೇವರೆಗೂ ಗಟ್ಟಿಯಾಗಿ ನಿಂತರು. ಆಗ ಈ ಹುಡುಗರಿಗೆ ಹದಿನೈದು, ಹದಿನಾರು, ಹೆಚ್ಚೆಂದರೆ ಹದಿನೇಳು ವಯಸ್ಸು. 1989ರಲ್ಲಿ ಓಕ್‌ಡೇಲ್ ಗಣಿಯೂ ಮುಚ್ಚಿತು. ಗಣಿ ಇಲ್ಲದಿದ್ದರೆ ಗಣಿ ಊರು ಏನು ಮಾಡಬೇಕು? ಹಟ್ಟಿ ಕ್ಯಾಂಪಿನಲ್ಲಿ ಬೆಳೆದವರಿಗೆ ಈ ಪ್ರಶ್ನೆ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ವಿಷಯ. ಆ ಕಣಿವೆಯ ಕಾರ್ಮಿಕರು ತಮ್ಮ ಕೂಲಿಯಲ್ಲೇ ಒಂದಿಷ್ಟು ಕಾಸು ಹಾಕಿ ಊರೂರಿಗೆ 'ಇನ್‌ಸ್ಟಿಟ್ಯೂಟ್' ಕಟ್ಟಿಕೊಂಡಿದ್ದರು. ಒಳಗೆ ಲೈಬ್ರರಿ, ಸಭೆಯ ಹಾಲ್, ನಾಟಕ. ಬ್ಲ್ಯಾಕ್‌ವುಡ್‌ನದು ಇವತ್ತಿಗೂ ಇದೆ. ಪಕ್ಕದ ಟ್ರೆಡೀಗರ್ ಊರಿನ ಅಂಥದ್ದೇ ಲೈಬ್ರರಿಯಲ್ಲಿ ಓದಿ ಬೆಳೆದ ಗಣಿ ಹುಡುಗ ಅನೂರಿನ್ ಬೆವನ್ ಮುಂದೆ ಮಂತ್ರಿಯಾಗಿ 1948ರಲ್ಲಿ ಬ್ರಿಟನ್ನಿಗೆಲ್ಲ ಪುಕ್ಕಟೆ ಆಸ್ಪತ್ರೆ ವ್ಯವಸ್ಥೆ ತಂದರು. ಈ ಹೆಸರು ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

ಮೊದಲ ಹಾಡು

'ಎ ಡಿಸೈನ್ ಫಾರ್ ಲೈಫ್', 1996. ಇದರಿಂದಲೇ ಶುರು ಮಾಡಿ. ಇಯರ್‌ಫೋನ್ ಬೇಡ. ಸಣ್ಣದಾದರೂ ಸರಿ, ಒಂದು ಬ್ಲೂಟೂತ್ ಸ್ಪೀಕರ್ ಇಟ್ಟುಕೊಳ್ಳಿ. ಪಿಟೀಲುಗಳ ಗುಂಪು ಎದ್ದು ಬರುವಾಗ ಅದಕ್ಕೆ ಗಾಳಿ ಬೇಕು.

ಶುರುವಿನಲ್ಲಿ ಜೇಮ್ಸ್ ಗಿಟಾರಿನ ತಂತಿಗಳನ್ನು ಒಂದೊಂದಾಗಿ ಬಿಡಿಸುತ್ತಾನೆ. ತೊಡೆ ತಟ್ಟಿಕೊಂಡು ದಾದ್ರಾ ತಾಳ ಹಾಕಿ ನೋಡಿ, ಕೂಡುತ್ತದೆ. ರಾಕ್ ಅಂದರೆ ಎರಡೆರಡು ಪೆಟ್ಟಿನ ಬಡಿತ ಅಂದುಕೊಂಡವರಿಗೆ ಇಲ್ಲಿ ಮೂರು ಮೂರರ ತೂಗು ಸಿಗುತ್ತದೆ. ಕೊನೆಗೆ ಎಲ್ಲ ನಿಂತ ಮೇಲೂ ಶಾನ್ ಡ್ರಮ್ಸ್ ಬಿಡೋದಿಲ್ಲ. ಪೂರ್ತಿ ಕೇಳಿ.

ಮೊದಲ ಸಾಲಿನ ಮಾತು ಇಷ್ಟೇ: ನಮಗೆ ಬಲ ಕೊಟ್ಟದ್ದು ಲೈಬ್ರರಿಗಳು. ನ್ಯೂಪೋರ್ಟ್ ಊರಿನ ಪಿಲ್‌ಗ್ವೆನ್ಲಿ ಲೈಬ್ರರಿಯ ಮೇಲೆ 'ಜ್ಞಾನವೇ ಶಕ್ತಿ' ಅಂತ ಕೆತ್ತಿದ್ದನ್ನು ನೋಡಿ ಬಂದ ಸಾಲು ಅದು. 2009ರಲ್ಲಿ ಕಾರ್ಡಿಫ್ ನಗರದ ಹೊಸ ದೊಡ್ಡ ಲೈಬ್ರರಿಯನ್ನು ಉದ್ಘಾಟಿಸಲು ಕರೆದದ್ದೂ ಈ ಬ್ಯಾಂಡನ್ನೇ. ಫಲಕದ ಮೇಲೆ ಇದೇ ಸಾಲು. ರಿಬ್ಬನ್ ಕತ್ತರಿಸೋಕೆ ರಾಕ್ ಬ್ಯಾಂಡ್! ನಮ್ಮಲ್ಲಿ ಇದು ನಡೆಯೋದು ಯಾವಾಗ ಅಂತ ಸುಮ್ನೆ ಆಸೆಪಡುತ್ತೇನೆ.

ಆದರೆ ಹಾಡಿನ ಪಲ್ಲವಿಯಲ್ಲಿ ಒಂದು ಗುಂಡಿ ಇದೆ, ಬೀಳಬೇಡಿ. ನಮಗೆ ಪ್ರೀತಿಯ ಮಾತು ಬೇಡ, ಕುಡಿಯೋಕೆ ಸಿಕ್ಕರೆ ಸಾಕು ಅನ್ನುವ ಅರ್ಥದಲ್ಲಿ ಹಾಡುತ್ತಾನೆ. ಅದು ಕಾರ್ಮಿಕರು ತಮ್ಮ ಬಗ್ಗೆ ಆಡಿದ ಮಾತಲ್ಲ. ಮೇಲಿನವರು ಕಾರ್ಮಿಕರ ಬಗ್ಗೆ ಅಂದುಕೊಂಡದ್ದನ್ನು ಅವರ ಮುಖಕ್ಕೇ ತಿರುಗಿಸಿ ಹೇಳಿದ್ದು. ತಮಾಷೆ ಅಂದರೆ, ಬ್ರಿಟನ್ನಿನಲ್ಲಿ ಬಿಯರ್ ಹಿಡಿದುಕೊಂಡೇ ಸಾವಿರಾರು ಜನ ಇದನ್ನು ಕುಣಿದು ಹಾಡುತ್ತಾರೆ. ಬ್ಯಾಂಡಿನ ಸಿಟ್ಟು ಯಾವಾಗಲೂ ಹೀಗೆ ಅಡ್ಡದಾರಿಯಲ್ಲಿ ಬರುತ್ತದೆ. ಒಂದು ಸಾಲು ಕೇಳಿದ ಕೂಡಲೇ 'ಇವರು ಹೀಗೆ ಹೇಳುತ್ತಿದ್ದಾರೆ' ಅನ್ನಬೇಡಿ. ಯಾರ ಬಾಯಲ್ಲಿ ಹೇಳಿಸುತ್ತಿದ್ದಾರೆ ಅಂತ ಮೊದಲು ನೋಡಿ.

ಪದ ಮೊದಲು, ರಾಗ ಆಮೇಲೆ

ಈಗ ಆ 'ಒಂದಕ್ಷರ ತಿಳಿವಲ್ದು' ವಿಷಯಕ್ಕೆ ಬರೋಣ. ಬಹಳಷ್ಟು ಬ್ಯಾಂಡ್‌ಗಳು ಮೊದಲು ಧಾಟಿ ಮಾಡಿಕೊಂಡು ಆಮೇಲೆ ಅದಕ್ಕೆ ಪದ ತುಂಬುತ್ತವೆ. ಇವರದು ಉಲ್ಟಾ. ನಿಕಿ ಮತ್ತು ರಿಚಿ ಹಾಳೆಗಟ್ಟಲೆ ಬರೆದು ಕೊಡುತ್ತಿದ್ದರು. ಪ್ರಾಸ ಇಲ್ಲ, ಅಳತೆ ಇಲ್ಲ. ಜೇಮ್ಸ್ ಮತ್ತು ಶಾನ್ ಅದಕ್ಕೆ ಸಂಗೀತ ಹಾಕುತ್ತಿದ್ದರು.

ಮಲ್ಲಿಕಾರ್ಜುನ ಮನ್ಸೂರರು ವಚನ ಹಾಡಿದ್ದನ್ನು ಕೇಳಿದ್ದೀರಲ್ವಾ? ವಚನವನ್ನು ಯಾರೂ ತಾಳಕ್ಕೆ ಅಳೆದು ಬರೆದಿಲ್ಲ. ಒಂದು ಸಾಲು ಉದ್ದ, ಒಂದು ಗಿಡ್ಡ. ಎಲ್ಲಿ ಎಳೆಯಬೇಕು, ಎಲ್ಲಿ ಮಡಚಬೇಕು ಅನ್ನೋದು ಹಾಡುವವರ ತಲೆನೋವು. ಜೇಮ್ಸ್‌ನ ಪಾಡೂ ಅದೇ. ಅದಕ್ಕೇ ಅವನು ಪದದ ನಡುವೆ ಎಲ್ಲೆಲ್ಲೋ ಮುರಿಯುತ್ತಾನೆ, ಹತ್ತು ಪದ ಇರಬೇಕಾದ ಜಾಗದಲ್ಲಿ ಇಪ್ಪತ್ತು ತುರುಕುತ್ತಾನೆ.

ಹಾಗಾಗಿ ಹಾಡಿನ ಸಾಹಿತ್ಯ ಹುಡುಕಿ ಪ್ರಿಂಟ್ ತೆಗೆಸಿ. ಫೋನಿನಲ್ಲೇ ನೋಡುತ್ತೇನೆ ಅನ್ನಬೇಡಿ, ನೋಟಿಫಿಕೇಶನ್ ಬಂದರೆ ಮುಗೀತು. 'ಫಾಸ್ಟರ್' ಹಾಡು ತೆಗೆದುಕೊಳ್ಳಿ. ಮೊದಲು ಹಾಡು ಹಾಕದೆ ಬರೀ ಓದಿ. ಗೊತ್ತಿಲ್ಲದ ಹೆಸರು ಬರುತ್ತವೆ, ಒಂದೊಂದನ್ನೂ ಹುಡುಕಿ. ಆಮೇಲೆ ಹಾಡು ಹಾಕಿ, ಪೆನ್ಸಿಲ್ ಹಿಡಿದು ಕೂತು, ಜೇಮ್ಸ್ ಉಸಿರು ತೆಗೆದುಕೊಂಡಲ್ಲೆಲ್ಲ ಒಂದು ಗೀಟು ಎಳೆಯಿರಿ. ಗೀಟುಗಳು ಸಾಲಿನ ಕೊನೆಯಲ್ಲಿ ಇರೋದಿಲ್ಲ. ನಡುವೆ ಇರುತ್ತವೆ, ಕೆಲವು ಸಲ ಅರ್ಧ ಮಾತಿನಲ್ಲಿ. ವೇಗ ಜಾಸ್ತಿ ಅನ್ನಿಸಿದರೆ ಪ್ಲೇಬ್ಯಾಕ್ ಸ್ಪೀಡ್ 0.75ಕ್ಕೆ ಇಳಿಸಿ. ರಾಕ್ ಅಭಿಮಾನಿಗಳು ಬೈಯಬಹುದು, ಬೈಯಲಿ. ಸಿಇಟಿ ಪಾಠವನ್ನು ನಿಧಾನ ಮಾಡಿ ಕೇಳುವವರು ಇದನ್ನೂ ಕೇಳಬಹುದು.

ಈ ಹಾಡನ್ನು 1994ರಲ್ಲಿ ಬಿಬಿಸಿಯ 'ಟಾಪ್ ಆಫ್ ದ ಪಾಪ್ಸ್' ಕಾರ್ಯಕ್ರಮದಲ್ಲಿ ಹಾಡುವಾಗ ಜೇಮ್ಸ್ ಮುಖ ಮುಚ್ಚುವ ಉಣ್ಣೆ ಮುಸುಕು ಹಾಕಿಕೊಂಡಿದ್ದ. ಆ ಕಾಲದ ಬ್ರಿಟನ್ನಿನಲ್ಲಿ ಆ ಮುಸುಕು ಅಂದರೆ ಬಾಂಬ್ ಇಡುವವರ ನೆನಪು. ಬಿಬಿಸಿಗೆ ದೂರಿನ ಸುರಿಮಳೆ. ಆದರೆ ಮುಸುಕಿನ ಮೇಲೆ 'ಜೇಮ್ಸ್' ಅಂತ ಹೆಸರು ಬರೆದಿತ್ತು! ಇವರ ರಾಜಕೀಯ ಹೀಗೇ. ಅರ್ಧ ಬೆಂಕಿ, ಅರ್ಧ ವೇಷ.

ಮುಳುಗಿದ ಊರು, ಸ್ಪೇನಿಗೆ ಹೋದವರು

ಎರಡನೇ ನಿಲ್ದಾಣ 1998ರ ಆಲ್ಬಂ, 'ದಿಸ್ ಈಸ್ ಮೈ ಟ್ರುತ್ ಟೆಲ್ ಮಿ ಯುವರ್ಸ್'. ಹೆಸರು ಬೆವನ್ ಅವರ ಮಾತು. ಇದು ನನ್ನ ಸತ್ಯ, ನಿನ್ನದು ಹೇಳು.

ಇದರ ದೊಡ್ಡ ಹಾಡು 'ಇಫ್ ಯು ಟಾಲರೇಟ್ ದಿಸ್ ಯುವರ್ ಚಿಲ್ಡ್ರನ್ ವಿಲ್ ಬಿ ನೆಕ್ಸ್ಟ್'. ಬ್ರಿಟನ್ನಿನ ಹಾಡುಗಳ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. 1936ರಿಂದ 39ರವರೆಗೆ ಸ್ಪೇನಿನಲ್ಲಿ ಅಂತರ್ಯುದ್ಧ ನಡೆದಾಗ ಬಂಡೆದ್ದ ಸೇನಾಪತಿ ಫ್ರಾಂಕೋ ವಿರುದ್ಧ ಹೋರಾಡಲು ವೇಲ್ಸಿನಿಂದಲೂ ಜನ ಹೋದರು. ಅವರಲ್ಲಿ ಬಹಳ ಮಂದಿ ಗಣಿ ಕಾರ್ಮಿಕರು. ಹಾಡಿನ ಹೆಸರು ಆಗಿನ ಒಂದು ಪೋಸ್ಟರಿನಿಂದ ಬಂದದ್ದು: ಸತ್ತ ಮಗುವಿನ ಚಿತ್ರ, ಮೇಲೆ ಯುದ್ಧ ವಿಮಾನಗಳು. ಹಾಡು ಮಾತ್ರ ಘೋಷಣೆ ಕೂಗೋದಿಲ್ಲ. ಇವತ್ತು ನಾನಿದ್ದರೆ ಹೋಗುತ್ತಿದ್ದೆನಾ ಅಂತ ತನ್ನನ್ನೇ ಕೇಳಿಕೊಳ್ಳುತ್ತದೆ. ನಿಧಾನದ ಹಾಡು, ಅದಕ್ಕೇ ಒಳಗೆ ಇಳಿಯುತ್ತದೆ. ಫ್ಯಾಸಿಸ್ಟರ ವಿರುದ್ಧ ಬರೆದ ಇದನ್ನು 2009ರಲ್ಲಿ ಬ್ರಿಟನ್ನಿನ ಒಂದು ಕಟ್ಟಾ ಬಲಪಂಥೀಯ ಪಕ್ಷ ತನ್ನ ವೆಬ್‌ಸೈಟಿನಲ್ಲಿ ಹಾಕಿಕೊಂಡಿತ್ತು. ರೆಕಾರ್ಡ್ ಕಂಪನಿ ತೆಗೆಸಿತು. ಹೆಸರು ಮಾತ್ರ ಓದಿ ಹಾಡು ಕೇಳದಿದ್ದರೆ ಹೀಗಾಗುತ್ತದೆ.

ನನಗೆ ಇಷ್ಟವಾದದ್ದು ಅದೇ ಆಲ್ಬಮ್ಮಿನ 'ರೆಡಿ ಫಾರ್ ಡ್ರೌನಿಂಗ್'. ಉತ್ತರ ವೇಲ್ಸಿನ ಟ್ರಿವೆರಿನ್ ಕಣಿವೆಯಲ್ಲಿ ಕಾಪೆಲ್ ಕೆಲಿನ್ ಅಂತ ವೆಲ್ಷ್ ಮಾತಾಡುವ ಹಳ್ಳಿ ಇತ್ತು. ಇಂಗ್ಲೆಂಡಿನ ಲಿವರ್‌ಪೂಲ್ ನಗರಕ್ಕೆ ನೀರು ಬೇಕು ಅಂತ ಅಲ್ಲಿ ಅಣೆಕಟ್ಟು ಕಟ್ಟಿ 1965ರಲ್ಲಿ ಹಳ್ಳಿಯನ್ನು ಮುಳುಗಿಸಿದರು. ಶಾಲೆ, ಚರ್ಚು, ಅಂಚೆ ಕಚೇರಿ, ಹೊಲಮನೆ ಎಲ್ಲ ಹೋದವು. ಪಾರ್ಲಿಮೆಂಟಿನಲ್ಲಿ ವೇಲ್ಸಿನ ಒಬ್ಬೇ ಒಬ್ಬ ಸದಸ್ಯನೂ ಇದರ ಪರ ಮತ ಹಾಕಿರಲಿಲ್ಲ. ಆದರೂ ಆಯಿತು.

ಕೊಪ್ಪಳ, ಬಳ್ಳಾರಿ ಕಡೆಯವರಿಗೆ ಇದನ್ನು ಕೇಳಿದರೆ ತುಂಗಭದ್ರೆ ನೆನಪಾಗದೆ ಇರುತ್ತದೆಯೇ? ನಮ್ಮ ಅವ್ವನ ತಾಯಿಯ ತವರು ಡ್ಯಾಮಿನ ನೀರಿನಲ್ಲಿದೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಗುಡಿಯ ಕಲ್ಲು ಕಾಣುತ್ತವೆ ಅಂತ ಅಜ್ಜಿ ಹೇಳುತ್ತಿದ್ದರು. ಒಂದು ವ್ಯತ್ಯಾಸ ಇದೆ, ಅದನ್ನು ಮುಚ್ಚಿಡಬಾರದು. ಎಡದಂಡೆ ಕಾಲುವೆಯ ನೀರು ನಮ್ಮದೇ ಗಂಗಾವತಿ, ಸಿಂಧನೂರು, ಮಾನ್ವಿಗೆ ಬಂತು, ಭತ್ತ ಬೆಳೆಯಿತು. ಟ್ರಿವೆರಿನ್ ನೀರು ಗಡಿ ದಾಟಿ ಹೋಯಿತು. ಆದರೆ ಮುಳುಗಿದ ಮನೆಯವರಿಗೆ ಈ ಲೆಕ್ಕ ಸಮಾಧಾನ ಕೊಡುತ್ತದಾ? ಅಜ್ಜಿಗೆ ಕೊಡಲಿಲ್ಲ. ಹಾಡನ್ನು ಈ ಪ್ರಶ್ನೆ ಇಟ್ಟುಕೊಂಡು ಕೇಳಿ.

ಇದರ ಜೊತೆಗೇ 2001ರ 'ಲೆಟ್ ರೋಬ್ಸನ್ ಸಿಂಗ್' ಹಾಕಿಕೊಳ್ಳಿ. ಪಾಲ್ ರೋಬ್ಸನ್ ಅಮೆರಿಕದ ಕಪ್ಪು ಗಾಯಕರು. ಅವರ ರಾಜಕೀಯ ನಿಲುವಿಗಾಗಿ 1950ರಲ್ಲಿ ಅಮೆರಿಕ ಸರ್ಕಾರ ಪಾಸ್‌ಪೋರ್ಟ್ ಕಿತ್ತುಕೊಂಡಿತು. 1957ರಲ್ಲಿ ವೇಲ್ಸಿನ ಗಣಿ ಕಾರ್ಮಿಕರು ಪೋರ್ತ್‌ಕಾಲ್ ಊರಿನ ತಮ್ಮ ಹಾಡಿನ ಹಬ್ಬಕ್ಕೆ ಅವರನ್ನು ಕರೆದರು. ಬರುವಂತಿಲ್ಲ. ಏನು ಮಾಡಿದರು ಗೊತ್ತಾ? ಸಮುದ್ರದಾಚೆಯಿಂದ ಟೆಲಿಫೋನ್ ಲೈನಿನಲ್ಲಿ ಹಾಡಿದರು. ಹಾಲಿನಲ್ಲಿ ಕೂತ ಕಾರ್ಮಿಕರು ಕೇಳಿ, ವಾಪಸ್ ಅವರಿಗಾಗಿ ಹಾಡಿದರು. ಅಪ್ಪನಿಗೆ ಈ ಕಥೆ ಹೇಳಿದಾಗ ಟಿವಿ ಸೌಂಡ್ ಕಡಿಮೆ ಮಾಡಿ, "ಮತ್ತೊಮ್ಮೆ ಹೇಳವ್ವಾ" ಅಂದರು. ಅಪ್ಪನಿಗೆ ಈ ಬ್ಯಾಂಡಿನಲ್ಲಿ ಹಿಡಿಸಿದ್ದು ಇದೊಂದೇ. ಉಳಿದದ್ದೆಲ್ಲ ಅವರಿಗೆ "ಡ್ರಿಲ್ ಮಷಿನ್ ಸಪ್ಪಳ".

ರಿಚಿಯ ಕಥೆಯನ್ನು ಎಲ್ಲಿ ಇಡಬೇಕು

ಹುಡುಕಿದರೆ ಮೊದಲು ಸಿಗೋದು ಈ ಕಥೆಯೇ, ಅದಕ್ಕೇ ಇದನ್ನು ಬೇಕಂತಲೇ ಇಷ್ಟು ಕೆಳಗೆ ಇಟ್ಟಿದ್ದೇನೆ. 1991ರ ಮೇ 15ರಂದು ನಾರಿಚ್ ಊರಿನಲ್ಲಿ ಒಬ್ಬ ಪತ್ರಕರ್ತ 'ನೀವು ನಿಜವಾಗಿಯೂ ಇದನ್ನೆಲ್ಲ ನಂಬುತ್ತೀರಾ' ಅಂತ ಅನುಮಾನಪಟ್ಟಾಗ ರಿಚಿ ತನ್ನ ತೋಳಿಗೆ ತಾನೇ ಗಾಯ ಮಾಡಿಕೊಂಡ. ಫೋಟೋ ಪತ್ರಿಕೆಯಲ್ಲಿ ಬಂತು, ಬ್ಯಾಂಡ್ ಹೆಸರಾಯಿತು. ಜನ ಇವತ್ತಿಗೂ ಅದನ್ನು ವೀರತನದ ಹಾಗೆ ಹಂಚಿಕೊಳ್ಳುತ್ತಾರೆ. ನನಗೆ ಅದು ಕಾಯಿಲೆಯಲ್ಲಿದ್ದ ಹುಡುಗನ ಫೋಟೋ, ಅಷ್ಟೇ. 1995ರ ಫೆಬ್ರವರಿ 1ರಂದು ಅವನು ಲಂಡನ್ನಿನ ಹೋಟೆಲಿನಿಂದ ಹೊರಟವನು ಮತ್ತೆ ಸಿಗಲಿಲ್ಲ. ಕಾರು ಸೆವರ್ನ್ ಸೇತುವೆ ಹತ್ತಿರ ಸಿಕ್ಕಿತು. 2008ರಲ್ಲಿ ಕಾನೂನು ಪ್ರಕಾರ ತೀರಿಕೊಂಡನೆಂದು ಘೋಷಿಸಿದರು. ಉಳಿದ ಮೂವರು ಹಾಡಿನ ಹಣದಲ್ಲಿ ಅವನ ಪಾಲನ್ನು ತೆಗೆದಿಡುತ್ತಾ ಬಂದರು. ಅವನ ಜಾಗಕ್ಕೆ ಬೇರೆ ಯಾರನ್ನೂ ಸೇರಿಸಿಕೊಳ್ಳಲಿಲ್ಲ.

ಅವನು ಹೋಗುವ ಮುಂಚಿನ ಆಲ್ಬಂ 'ದ ಹೋಲಿ ಬೈಬಲ್', 1994. ಬಹಳ ಮಂದಿ ಇದನ್ನೇ ಇವರ ಅತ್ಯುತ್ತಮ ಕೆಲಸ ಅನ್ನುತ್ತಾರೆ. ಇರಬಹುದು. ಹಿಟ್ಲರನ ಸಾವಿನ ಶಿಬಿರಗಳು, ಊಟ ಬಿಟ್ಟು ಒಣಗುವ ಹುಡುಗಿ, ಮಾರಾಟಕ್ಕಿಟ್ಟ ದೇಹ, ಇವೇ ವಿಷಯ. ಇದನ್ನು ಹಗಲಿನಲ್ಲಿ ಕೇಳಿ. ಒಂದೇ ಸಲ ಪೂರ್ತಿ ಬೇಡ. 'ದಿಸ್ ಈಸ್ ಎಸ್ಟರ್‌ಡೇ' ಅನ್ನುವ ಮೆತ್ತನೆಯ ಹಾಡಿನಿಂದ ಒಳಗೆ ಹೋಗಿ. ನಿಮ್ಮ ಮನಸ್ಸೇ ಸರಿ ಇಲ್ಲದ ದಿನ ಇದನ್ನು ಮುಟ್ಟಲೇಬೇಡಿ. ಆ ದಿನ 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಆಲ್ಬಂ ಎಲ್ಲಿಗೂ ಓಡಿಹೋಗೋದಿಲ್ಲ.

ಜಗಳ ಆಡುತ್ತಾ ಕೇಳಿ

ಈಗ ಹಿಂದಕ್ಕೆ, ಮೊದಲ ಆಲ್ಬಂ 'ಜನರೇಶನ್ ಟೆರರಿಸ್ಟ್ಸ್', 1992. 18 ಹಾಡು, ಅರ್ಧ ಬೇಕಿರಲಿಲ್ಲ. 1.6 ಕೋಟಿ ಪ್ರತಿ ಮಾರಿ ಬ್ಯಾಂಡ್ ಮುಚ್ಚುತ್ತೇವೆ ಅಂತ ಜಂಬ ಕೊಚ್ಚಿಕೊಂಡಿದ್ದರು. ಮಾರಲೂ ಇಲ್ಲ, ಮುಚ್ಚಲೂ ಇಲ್ಲ. 'ಮೋಟರ್‌ಸೈಕಲ್ ಎಂಪ್ಟಿನೆಸ್' ಕೇಳಿ, ಗಿಟಾರಿನ ಆ ಒಂದು ಎಳೆ ಸಾಕು. ಬ್ಯಾಂಕುಗಳ ಹೆಸರನ್ನೇ ಜೋಡಿಸಿ ಮಾಡಿದ ಹಾಡೊಂದಿದೆ. ಬೆಳೆಸಾಲದ ನೋಟಿಸ್ ಬಂದ ಮನೆಯವರು ಅದನ್ನೂ ಕೇಳಬಹುದು.

ಬಂಡವಾಳಶಾಹಿಗೆ ಬೈಯುವ ಇದೇ ಬ್ಯಾಂಡು ಒಪ್ಪಂದ ಮಾಡಿಕೊಂಡದ್ದು ಸೋನಿ ಅನ್ನುವ ದೊಡ್ಡ ಕಂಪನಿಗೆ ಸೇರಿದ ಕೊಲಂಬಿಯಾ ರೆಕಾರ್ಡ್ ಕಂಪನಿ ಜೊತೆ. ಲೈಬ್ರರಿಯ ಹುಡುಗರು ಇದನ್ನು ಹಿಡಿದುಕೊಂಡು ವಾದಕ್ಕೆ ಇಳಿಯುತ್ತಾರೆ. ನನ್ನ ಉತ್ತರ: ಸಂಬಳ ತೆಗೆದುಕೊಳ್ಳುವ ಗೇಟಿನ ಮುಂದೆಯೇ ಕೆಂಪು ಬಾವುಟ ಹಿಡಿದು ನಿಂತವರನ್ನು ಈ ಕ್ಯಾಂಪಿನಲ್ಲಿ ನೋಡಿಲ್ವಾ? ಅದರಲ್ಲಿ ನನಗೆ ಮೋಸ ಕಾಣೋದಿಲ್ಲ.

ಕ್ಯೂಬಾ ವಿಷಯದಲ್ಲಿ ಮಾತ್ರ ನಾನು ಬ್ಯಾಂಡಿನ ಪರ ಇಲ್ಲ. 2001ರ ಫೆಬ್ರವರಿ 17ರಂದು ಹವಾನಾದ ಕಾರ್ಲ್ ಮಾರ್ಕ್ಸ್ ಥಿಯೇಟರಿನಲ್ಲಿ ಹಾಡಿದರು, ಫಿಡೆಲ್ ಕ್ಯಾಸ್ಟ್ರೋ ಬಂದು ಕೂತರು. ಸದ್ದು ಜೋರಿರುತ್ತದೆ ಅಂತ ಮೊದಲೇ ಹೇಳಿದ್ದಕ್ಕೆ, ಯುದ್ಧಕ್ಕಿಂತ ಜೋರಾ ಅನ್ನುವಂತೆ ಉತ್ತರಿಸಿದರಂತೆ. ಮಾತು ಚೆನ್ನಾಗಿದೆ. ಆದರೆ ಪ್ರಶ್ನೆ ಕೇಳುವುದನ್ನೇ ಕಸುಬು ಮಾಡಿಕೊಂಡವರು ಅಧಿಕಾರದಲ್ಲಿದ್ದವರ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಬಂದರಲ್ಲ, ಆ ದೇಶದ ಜೈಲಿನಲ್ಲಿದ್ದ ಲೇಖಕರ ಬಗ್ಗೆ ಯಾರು ಕೇಳಬೇಕಿತ್ತು? ಇದಕ್ಕೆ ನೀವು ಒಪ್ಪದಿದ್ದರೆ ಒಳ್ಳೆಯದೇ, ಬನ್ನಿ, ಚಹಾ ಕುಡಿಯುತ್ತಾ ಜಗಳ ಆಡೋಣ.

ಉಳಿದವು

2007ರ 'ಸೆಂಡ್ ಅವೇ ದ ಟೈಗರ್ಸ್'ನಲ್ಲಿ ಸ್ವೀಡನ್ನಿನ ಗಾಯಕಿ ನೀನಾ ಪರ್ಸನ್ ಜೊತೆಗಿನ 'ಯುವರ್ ಲವ್ ಅಲೋನ್ ಈಸ್ ನಾಟ್ ಇನಫ್' ಒಂದು ಸಾಕು. 2009ರ 'ಜರ್ನಲ್ ಫಾರ್ ಪ್ಲೇಗ್ ಲವರ್ಸ್' ಪೂರ್ತಿ ರಿಚಿ ಬಿಟ್ಟುಹೋದ ಬರಹಗಳಿಂದ ಮಾಡಿದ್ದು, 'ಹೋಲಿ ಬೈಬಲ್' ದಾಟಿದ ಮೇಲೆಯೇ ತೆಗೆಯಿರಿ. 2013ರ 'ರಿವೈಂಡ್ ದ ಫಿಲ್ಮ್'ಗೆ ಮಾತ್ರ ಒಂದು ಇಡೀ ಸಂಜೆ ಇಟ್ಟುಕೊಳ್ಳಿ. ಕರೆಂಟ್ ಗಿಟಾರ್ ಕಡಿಮೆ, ವಯಸ್ಸಾದ ದನಿ, ಊರಿನ ನೆನಪು. ಕೊನೆಯ ಹಾಡು '30-ಇಯರ್ ವಾರ್' ಬಂದಾಗ ಸೌಂಡ್ ಏರಿಸಿ. ಮುಷ್ಕರದ ಸಿಟ್ಟು ಮೂವತ್ತು ವರ್ಷ ಆದರೂ ಆರಿಲ್ಲ.

2004ರ 'ಲೈಫ್‌ಬ್ಲಡ್' ಕಡಿಮೆ ಜನ ಕೊಂಡ ಆಲ್ಬಂ. ಅಭಿಮಾನಿಗಳೂ ಮೂಗು ಮುರಿಯುತ್ತಾರೆ. ತಣ್ಣಗಿನ ಕೀಬೋರ್ಡ್ ಜಾಸ್ತಿ, ಅದು ನಿಜ. ಆದರೂ ಮೊದಲ ಹಾಡು '1985' ಬಿಡಬೇಡಿ. ಆ ವರ್ಷ ಯಾಕೆ ಅಂತ ಈಗ ನಿಮಗೆ ಗೊತ್ತು. 2021ರ 'ದಿ ಅಲ್ಟ್ರಾ ವಿವಿಡ್ ಲಮೆಂಟ್' 1998ರ ನಂತರ ಮತ್ತೆ ಮೊದಲ ಸ್ಥಾನಕ್ಕೆ ಹೋಯಿತು, ಪಿಯಾನೋ ಇಷ್ಟಪಡುವವರು ಅಲ್ಲಿಂದಲೇ ಶುರು ಮಾಡಿದರೂ ನನ್ನದೇನೂ ತಕರಾರಿಲ್ಲ. 2025ರಲ್ಲಿ 'ಕ್ರಿಟಿಕಲ್ ಥಿಂಕಿಂಗ್' ಬಂದಿದೆ. ಅದರಲ್ಲಿ 'ಹೈಡಿಂಗ್ ಇನ್ ಪ್ಲೇನ್ ಸೈಟ್' ಹಾಡಿರೋದು ನಿಕಿ. ದನಿ ಸುಮಾರು, ಶ್ರುತಿ ಆಗಾಗ ಜಾರುತ್ತದೆ. ಜೇಮ್ಸ್ ಹಾಡಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು, ಆದರೆ ಇಷ್ಟು ಹತ್ತಿರದ್ದು ಅನ್ನಿಸುತ್ತಿರಲಿಲ್ಲ.